ಬಾಗಿಲಿಗೆ ಬಾರದ ಕುರಿಗಳು

ಸೆಪ್ಟೆಂಬರ್ 4, ಸೋಮವಾರ

ಇಂದು 212 ಕುರಿ. ತಿರಸ್ಕರಿಸಿದ ಯಕೃತ್ತು 17. ನೂರಕ್ಕೆ ಎಂಟು. ಕಳೆದ ವರ್ಷ ಇದೇ ವಾರ ನೂರಕ್ಕೆ ಇಪ್ಪತ್ತೆರಡಿತ್ತು.

ಎರಡು ಸಲ ಎಣಿಸಿದೆ. ತಪ್ಪಿಲ್ಲ.

ಹನ್ನೆರಡು ವರ್ಷದ ದಾಖಲೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಒಟ್ಟಿದ್ದೇನೆ. ವರದಿ ಬರೆಯುವುದೇ ಸರಿ. ಪಶು ಇಲಾಖೆಯ ನಿರ್ದೇಶಕರು ಸರಳವಾಗಿ ಬರೆಯಿರಿ ಎಂದಿದ್ದಾರೆ, ಇಲ್ಲೇ ಅಭ್ಯಾಸ ಮಾಡುತ್ತೇನೆ: ನಾನು ಕಸಾಯಿಖಾನೆಯ ಮಾಂಸ ಪರೀಕ್ಷಕಿ, ಪಶುವೈದ್ಯೆ. ಕೊಕ್ಕೆಗೆ ತೂಗುಹಾಕಿದ ಪ್ರತಿ ಯಕೃತ್ತನ್ನೂ ಮೂರು ಕಡೆ ಸೀಳಿ ನೋಡುತ್ತೇನೆ. ಪಿತ್ತನಾಳದಲ್ಲಿ ಬೂದು ಬಣ್ಣದ, ಎಲೆಯಂತೆ ಚಪ್ಪಟೆಯಾದ ಹುಳು ಸಿಕ್ಕರೆ ಆ ಯಕೃತ್ತು ತಿರಸ್ಕೃತ, ಕೆಂಪು ಡಬ್ಬಿಗೆ. ಜನ ಅದನ್ನು ಎಲೆಹುಳು ಎನ್ನುತ್ತಾರೆ. ಜೌಗು ನೆಲದ ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ಹುಲ್ಲಿಗಂಟಿ, ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರುತ್ತದೆ. ಮೂರು ವರ್ಷದಿಂದ ಇಲಾಖೆ ಎಲ್ಲ ಮಂದೆಗಳಿಗೂ ಪುಕ್ಕಟೆ ಔಷಧಿ ಕೊಡುತ್ತಿದೆ. ಅದರ ಫಲ ಈಗ ನನ್ನ ಅಂಕಿಗಳಲ್ಲಿ ಕಾಣುತ್ತಿದೆ.

ಕಟುಕರ ಮೇಸ್ತ್ರಿ, "ಏನ್ ಮೇಡಂ, ಈ ವರ್ಷ ನಿಮ್ಮ ಚಾಕುಗೆ ರಜಾನಾ?" ಎಂದು ನಕ್ಕ. ನಾನೂ ನಕ್ಕೆ. ಬಹಳ ದಿನಗಳ ಮೇಲೆ ಖುಷಿಯಾಗಿದೆ.

ಸಂಜೆ ತಮ್ಮನ ಫೋನು. ಕಾರಣವಿಲ್ಲದೆ ಎರಡು ಕುರಿ ಸತ್ತಿವೆಯಂತೆ. ಔಷಧಿ ಕುಡಿಸಿದೆಯಾ ಎಂದು ಕೇಳಿದೆ. ಕುಡಿಸಿದೆ ಎಂದ. ಹಾಗಾದರೆ ಇನ್ನೇನೋ ಇರಬೇಕು, ನಿಮ್ಮ ಕಡೆಯ ಡಾಕ್ಟರಿಗೆ ತೋರಿಸು ಎಂದೆ.

ಸೆಪ್ಟೆಂಬರ್ 19, ಮಂಗಳವಾರ

198 ಕುರಿ. ತಿರಸ್ಕೃತ 14. ನೂರಕ್ಕೆ ಏಳು.

ತಮ್ಮ ನನ್ನ ಕೆಲಸದ ಜಾಗಕ್ಕೇ ಬಂದುಬಿಟ್ಟ. ಕೆಸರಿನ ಬೂಟು ಹಾಕಿಕೊಂಡು, ಈಗಷ್ಟೇ ತೊಳೆದ ನೆಲದ ಮೇಲೆ. ಕೈಯಲ್ಲಿ ಔಷಧಿಯ ಖಾಲಿ ಬಾಟಲಿ.

"ಏಳು ಹೋದ್ವು ಅಕ್ಕಾ. ಬೆಳಿಗ್ಗೆ ಮೇಯ್ತಿರ್ತವೆ, ಸಂಜೆಗೆ ಕಾಲು ಚಾಚಿರ್ತವೆ."

"ತೂಕ ನೋಡಿ ಕುಡಿಸಿದ್ಯೋ, ಕಣ್ಣಂದಾಜೋ?"

"ತೂಕ ನೋಡೇ ಕಣೇ."

"ಶಾಲೆಯಲ್ಲಿ ಲೆಕ್ಕದ ಪುಸ್ತಕ ಕಂಡ್ರೆ ಓಡ್ತಿದ್ದೋನು ನೀನು. ತೂಕ ನೋಡಿದ್ಯಾ!"

ಮೇಸ್ತ್ರಿಯ ಕಡೆಯವರು ನಕ್ಕರು. ನಗಿಸಬೇಕೆಂದು ಹೇಳಿದ್ದಲ್ಲ. ಅವನು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟ.

"ಒಂದ್ಸಲ ಬಂದು ನೋಡಕ್ಕಾ. ನಿನಗಿಂತ ಚೆನ್ನಾಗಿ ಬಲ್ಲೋರು ಯಾರಿದಾರೆ?"

ವರದಿ ಮುಗಿಯುವವರೆಗೆ ಬಿಡುವಿಲ್ಲ, ಬೇಕಾದರೆ ಒಂದನ್ನು ಇಲ್ಲಿಗೆ ತಾ, ಕೊಯ್ದು ನೋಡುತ್ತೇನೆ ಎಂದೆ.

"ಸತ್ತ ಕುರೀನ ನಿನ್ನ ಬಾಗಿಲೊಳಗೆ ಬಿಡ್ತಾರಾ?" ಎಂದ.

ಬಿಡುವುದಿಲ್ಲ. ನಡೆದು ಬಂದ ಪ್ರಾಣಿಗೆ ಮಾತ್ರ ಪ್ರವೇಶ ಎಂಬ ಬೋರ್ಡನ್ನು ಬರೆಸಿದವಳೇ ನಾನು. ಅವನ ಮಾತಿನ ಧಾಟಿ ಹಿಡಿಸಲಿಲ್ಲ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಓದು ಬಿಟ್ಟು ಅಪ್ಪನ ಮಂದೆಯ ಹಿಂದೆ ಹೋದ. ಹೋಗಲಿ. ಆದರೆ ಒಪ್ಪಿಕೊಂಡ ಕೆಲಸವನ್ನಾದರೂ ನೆಟ್ಟಗೆ ಮಾಡಬೇಕಲ್ಲ.

ಸೆಪ್ಟೆಂಬರ್ 29, ಶುಕ್ರವಾರ

ವರದಿ ಮುಗಿಯಿತು. ನಲವತ್ತೊಂದು ಪುಟ. ಮುಖ್ಯ ವಾಕ್ಯವನ್ನು ಆರು ಸಲ ತಿದ್ದಿದೆ: "ಎಲೆಹುಳು ರೋಗದ ಹರಡುವಿಕೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ, ಕಂಡುಬಂದ ಯಕೃತ್ತುಗಳಲ್ಲೂ ಹುಳುಗಳ ಸಂಖ್ಯೆ ಕಡಿಮೆಯಿದ್ದು, ರೋಗದ ತೀವ್ರತೆಯೂ ತಗ್ಗಿದೆ."

ನಿರ್ದೇಶಕರು ಓದಿ ಎದ್ದು ನಿಂತು ಕೈಕುಲುಕಿದರು. ಇಪ್ಪತ್ನಾಲ್ಕು ವರ್ಷದಲ್ಲಿ ಯಾವ ನಿರ್ದೇಶಕರೂ ನನಗಾಗಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅಕ್ಟೋಬರ್ 16ರ ಇಲಾಖೆಯ ಸಭೆಯಲ್ಲಿ ನಾನೇ ಓದಬೇಕಂತೆ. ರೋಗ ಇಳಿದಿರುವುದರಿಂದ ತಮ್ಮನಿರುವ ಹೊಳೆ ಸೀಮೆಗೆ ಹೋಗುವ ಸಂಚಾರಿ ವೈದ್ಯರನ್ನು ಈ ಚಳಿಗಾಲ ಬೇರೆ ಕೆಲಸಕ್ಕೆ ಹಾಕುತ್ತಾರಂತೆ.

ಹೊಸ ಸೀರೆ ತೆಗೆಯಬೇಕು.

ಅಕ್ಟೋಬರ್ 5, ಗುರುವಾರ

205. ತಿರಸ್ಕೃತ 13. ಮಳೆ. ತಮ್ಮನ ಫೋನಿಲ್ಲ. ಸರಿಹೋಗಿರಬೇಕು.

ಅಕ್ಟೋಬರ್ 8, ಭಾನುವಾರ

ಸರಿಹೋಗಿಲ್ಲ. ತಮ್ಮನ ಹೆಂಡತಿ ಫೋನ್ ಮಾಡಿದ್ದಳು. ಅವಳು ನನಗೆ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಮೂವತ್ತೊಂದು ಹೋದ್ವು ಅತ್ತಿಗೆ. ಅವರು ಊಟಕ್ಕೆ ಕೂತ್ಕೋತಾರೆ, ತಟ್ಟೆ ನೋಡ್ತಾರೆ, ಎದ್ದು ಹೋಗ್ತಾರೆ. ಇಡೀ ದಿನ ದೊಡ್ಡೀಲೇ ಇರ್ತಾರೆ. ನಾನೇ ಎಲ್ಲೋ ತಪ್ಪು ಮಾಡಿದೀನಿ, ಅಕ್ಕ ಹೇಳಿದ್ದು ಸರಿ ಅಂತಾರೆ. ನೀವು ಬರೋದು ಬೇಡ. ತಪ್ಪು ನಿಂದಲ್ಲ ಅಂತ ಫೋನಲ್ಲೇ ಒಂದು ಮಾತು ಹೇಳಿಬಿಡಿ."

ನೋಡದೆ ಹೇಗೆ ಹೇಳಲಿ ಎಂದೆ.

"ನೋಡದೇನೇ ತಪ್ಪು ಅಂದ್ರಲ್ಲ, ಹಾಗೇ," ಎಂದಳು.

ಮಂಗಳವಾರಕ್ಕೆ ರಜೆ ಹಾಕಿದ್ದೇನೆ.

ಅಕ್ಟೋಬರ್ 10, ಮಂಗಳವಾರ

ಕೈಯನ್ನು ಮೂರು ಸಲ ತೊಳೆದರೂ ವಾಸನೆ ಹೋಗಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ತಲುಪಿದೆ. ಈ ವರ್ಷ ಹೊಳೆ ಎರಡು ಸಲ ಉಕ್ಕಿ ಹುಲ್ಲುಗಾವಲಿನ ಮೇಲೆ ಹರಿದಿದೆ. ಹೆಜ್ಜೆ ಇಟ್ಟಲ್ಲೆಲ್ಲ ನೀರು ಚಿಮ್ಮುತ್ತದೆ. ಬೇಲಿಗೂಟದ ಬುಡದಲ್ಲಿ ಬಸವನಹುಳುಗಳು, ಉಗುರಿನಷ್ಟು ಸಣ್ಣವು. ಒಂದು ಬೊಗಸೆ ಕೆಸರಿನಲ್ಲಿ ನಲವತ್ತರವರೆಗೆ ಎಣಿಸಿ ನಿಲ್ಲಿಸಿದೆ.

ತಮ್ಮ ನೇರ ದೊಡ್ಡಿಯ ಕಡೆ ಕರೆದೊಯ್ದ. ದೊಡ್ಡಿಯ ಹಿಂದೆ ತಗಡಿನ ಕೆಳಗೆ ಬೆಳಿಗ್ಗೆ ಸತ್ತ ಹೆಣ್ಣು ಕುರಿಯನ್ನು ಇಟ್ಟಿದ್ದ. ಬಡಕಲೇನಲ್ಲ. ಮೈ ತುಂಬಿಕೊಂಡ, ಮೂರು ವರ್ಷದ ಒಳ್ಳೆ ಕುರಿ. ಮಂಡಿಯೂರಿ ಕುಳಿತು ಹೊಟ್ಟೆ ಸೀಳಿದೆ. ಒಳಗಿಂದ ಕೆಂಪು ನೀರು, ಒಂದು ಬಕೆಟ್ಟಿನಷ್ಟು, ನನ್ನ ಮಡಿಲಿಗೇ ಸುರಿಯಿತು.

ಯಕೃತ್ತು ಕೈಗೆ ಬರಲೇ ಇಲ್ಲ. ಎತ್ತಿದರೆ ನೆನೆದ ಬ್ರೆಡ್ಡಿನಂತೆ ಬೆರಳ ಸಂದಿಯಲ್ಲಿ ಕುಸಿಯಿತು. ಮೇಲೆಲ್ಲ ಗೀರು, ಒಳಗೆಲ್ಲ ಸುರಂಗ. ನೀರಿನಲ್ಲಿ ಕದಡಿ ನೋಡಿದಾಗ ತಳದಲ್ಲಿ ಬಿಳಿ ಚುಕ್ಕೆಗಳು ಅಲುಗಾಡಿದವು. ಅಕ್ಕಿನುಚ್ಚಿನಷ್ಟು ಗಾತ್ರ. ಮರಿ ಹುಳುಗಳು, ನೂರಾರು. ಬೆಳೆದ ಹುಳು ಒಂದಾದರೂ ಇದೆಯೇ ಎಂದು ಪಿತ್ತನಾಳವನ್ನು ಕೊನೆಯವರೆಗೂ ಸೀಳಿದೆ. ಒಂದೂ ಇಲ್ಲ.

ಲಕ್ಷಾಂತರ ಯಕೃತ್ತು ಕೊಯ್ದಿದ್ದೇನೆ. ಇಂಥದೊಂದನ್ನು ನೋಡಿರಲಿಲ್ಲ. ಹೇಗೆ ನೋಡಲಿ? ಇಂಥ ಯಕೃತ್ತು ಹೊತ್ತ ಕುರಿ ಲಾರಿ ಹತ್ತುವುದಿಲ್ಲ, ನಮ್ಮ ಬಾಗಿಲ ಇಳಿಜಾರಿನಲ್ಲಿ ನಡೆದು ಬರುವುದಿಲ್ಲ. ಇಲ್ಲೇ, ಈ ತಗಡಿನ ಕೆಳಗೇ ಮುಗಿದುಹೋಗುತ್ತದೆ.

ಇಲಾಖೆ ಕೊಡುವ ಔಷಧಿ ಬೆಳೆದ ಹುಳುವನ್ನು ಕೊಲ್ಲುತ್ತದೆ, ಮರಿಗಳನ್ನು ಮುಟ್ಟುವುದಿಲ್ಲ. ಕಾಲೇಜಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೇನೆ. ಮೊದಲು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಒಳಹೋಗುತ್ತಿದ್ದ ಮರಿಗಳು ಈ ಸಲ ಪ್ರವಾಹದ ಹುಲ್ಲಿನ ಜೊತೆ ಎರಡು ಮೂರು ವಾರದಲ್ಲೇ ಹೋಗಿವೆ.

ದೊಡ್ಡಿಯ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದ ಬರಹವಿತ್ತು. ಒಂದೊಂದು ಕುರಿಯ ಗುರುತು, ಅದರ ತೂಕ, ಕುಡಿಸಿದ ಅಳತೆ, ದಿನಾಂಕ. ನೂರ ಹದಿನೆಂಟು ಸಾಲು. ಹತ್ತು ಹನ್ನೆರಡನ್ನು ಆರಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದೂ ತಪ್ಪಿಲ್ಲ.

"ಬೇರೆಯವರವೂ ಸಾಯ್ತಿವೆಯಾ?" ಎಂದು ಕೇಳಿದೆ.

"ಎಲ್ಲರವೂ. ಯಾರೂ ಬಾಯಿ ಬಿಡಲ್ಲ. ಬಿಟ್ರೆ ಉಳಿದವನ್ನ ಯಾರು ಕೊಳ್ತಾರೆ?"

ಅವನ ಹೆಂಡತಿ ಬಕೆಟ್ಟಿನಲ್ಲಿ ಬಿಸಿನೀರು ತಂದು ನನ್ನ ಕೈಗೆ ಹೊಯ್ದಳು, ನನ್ನ ಮುಖವನ್ನೇ ನೋಡುತ್ತ. ಅವಳು ಕಾಯುತ್ತಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಂದೆ.

ಅಕ್ಟೋಬರ್ 11, ಬುಧವಾರ

ಮೇಸ್ತ್ರಿಯನ್ನು ಕೂರಿಸಿಕೊಂಡು ಬಾಗಿಲ ಪುಸ್ತಕ ತೆಗೆಸಿದೆ. ಎಲ್ಲಿಂದ ಎಷ್ಟು ಕುರಿ ಬಂದವು ಎಂಬುದು ಅದರಲ್ಲಿರುತ್ತದೆ. ಕಳೆದ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಸೀಮೆಯಿಂದ 6140. ಈ ವರ್ಷ 1710. ಆ ಖಾಲಿಯನ್ನು ತುಂಬಿರುವುದು ಒಣ ಗುಡ್ಡದ ಕಡೆಯ ಲಾರಿಗಳು. ಅಲ್ಲಿ ಬಸವನಹುಳು ಎಂದೂ ಇರಲಿಲ್ಲ.

"ಅಂದ್ರೆ ರೋಗ ಕಮ್ಮಿ ಆಗಿಲ್ವಾ ಮೇಡಂ?"

"ರೋಗದ ಕುರಿ ಬರೋದು ಕಮ್ಮಿಯಾಗಿದೆ."

ಅವನು ಗಡ್ಡ ಕೆರೆದುಕೊಂಡು, "ಇದನ್ನ ನನ್ನ ಕೇಳಿದ್ರೆ ಆಗ್ಲೇ ಹೇಳ್ತಿದ್ದೆ. ಹೊಳೆ ಕಡೆ ಲಾರಿ ಡ್ರೈವರು ಎರಡು ತಿಂಗಳಿಂದ ಟೀಗೆ ಬಂದಿಲ್ಲ," ಎಂದ.

ಮಧ್ಯಾಹ್ನ ನಿರ್ದೇಶಕರ ಬಳಿ ಹೋದೆ. ಪೂರ್ತಿ ಕೇಳಿಸಿಕೊಂಡರು. ಒಂದು ಮಂದೆ ನೋಡಿ ಹನ್ನೆರಡು ವರ್ಷದ ದಾಖಲೆ ಅಲ್ಲಗಳೆಯುತ್ತೀರಾ ಎಂದರು. ಅದೂ ಸ್ವಂತ ತಮ್ಮನ ಮಂದೆ. "ಬಾಗಿಲಿಗೆ ಬಂದದ್ದನ್ನ ಎಣಿಸೋದು ನಿಮ್ಮ ಕೆಲಸ ಮೇಡಂ. ಅದನ್ನ ಚೆನ್ನಾಗಿ ಮಾಡಿದೀರಿ. ವರದಿ ಅಚ್ಚಾಗಿದೆ. ಹದಿನಾರಕ್ಕೆ ಓದಿ. ಆಮೇಲೆ ನೋಡೋಣ."

ಅಕ್ಟೋಬರ್ 16, ಸೋಮವಾರ

ಓದಿದೆ.

ಅಕ್ಟೋಬರ್ 17, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಮೂರನೆಯ ಪುಟಕ್ಕೆ ಬಂದಾಗ ನಿಲ್ಲಿಸಿ ಹೇಳಿಬಿಡಬೇಕು ಎಂದುಕೊಂಡಿದ್ದೆ. ಮೂರು ಹೋಯಿತು, ಏಳು ಹೋಯಿತು. ನನ್ನ ದನಿ ನನಗೇ ಬಹಳ ಚೆನ್ನಾಗಿ ಕೇಳುತ್ತಿತ್ತು. ಮುಗಿದಾಗ ಚಪ್ಪಾಳೆ. ಹಿಂದಿನ ಸಾಲಿನ ಸಂಚಾರಿ ವೈದ್ಯನೊಬ್ಬ ಮಾತ್ರ ಕೈ ಕಟ್ಟಿ ಕುಳಿತಿದ್ದ. ಅವನ ಬೂಟಿಗೂ ಕೆಸರಿತ್ತು. ಹೊರಗೆ ಹೋಗುವಾಗ ಎದುರಾದ. ಬಾಗಿಲು ಹಿಡಿದು ನನಗೆ ದಾರಿ ಬಿಟ್ಟ.

ಅಕ್ಟೋಬರ್ 18, ಬುಧವಾರ

ಪತ್ರಿಕೆಯಲ್ಲಿ ನನ್ನ ಫೋಟೋ. "ಎಲೆಹುಳು ಕಾಟಕ್ಕೆ ಕಡಿವಾಣ." ಮೇಸ್ತ್ರಿ ಅದನ್ನು ಗೋಡೆಗೆ ಅಂಟಿಸಲಿಲ್ಲ. ಬೇರೆ ಸಮಯದಲ್ಲಾಗಿದ್ದರೆ ಅಂಟಿಸುತ್ತಿದ್ದ.

ಅಕ್ಟೋಬರ್ 20, ಶುಕ್ರವಾರ

ತಮ್ಮನಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ.

ಅಕ್ಟೋಬರ್ 24, ಮಂಗಳವಾರ

ತೆಗೆಯಲಿಲ್ಲ.

ಇಂದು ಎಷ್ಟು ಕುರಿ ಬಂದವೆಂದು ನೆನಪಿಲ್ಲ. ಪುಸ್ತಕದಲ್ಲಿದೆ.

ನವೆಂಬರ್ 3, ಶುಕ್ರವಾರ

ತಮ್ಮನ ಹೆಂಡತಿಯೇ ಫೋನ್ ತೆಗೆದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಸತ್ತದ್ದು ಎಪ್ಪತ್ತು ದಾಟಿದೆ. ಆದರೆ ಅವಳು ಹೇಳಿದ್ದು ಅದಲ್ಲ. ಹೊಳೆ ದಂಡೆಯ ಹುಲ್ಲುಗಾವಲು ಎಲ್ಲ ಮಂದೆಯವರಿಗೂ ಸೇರಿದ್ದು. ಪತ್ರಿಕೆ ಅಲ್ಲಿಗೂ ಹೋಗಿದೆ. ರೋಗ ಎಲ್ಲ ಕಡೆ ಇಳಿದಿದೆ ಎಂದು ದೊಡ್ಡ ಡಾಕ್ಟರಮ್ಮನೇ ಬರೆದಿರುವಾಗ ಇಲ್ಲಿ ಮಾತ್ರ ಯಾಕೆ ಸಾಯುತ್ತಿವೆ? ಯಾರೋ ಔಷಧಿ ಕುಡಿಸದೆ ಹುಳು ಹರಡಿರಬೇಕು. ಯಾರವು ಹೆಚ್ಚು ಸತ್ತಿವೆಯೋ ಅವನೇ. ಭಾನುವಾರ ಸೇರಿ, ತಮ್ಮನ ಮಂದೆಗೆ ಮೇವಿನ ಹಕ್ಕು ಬೇಡವೆಂದು ತೀರ್ಮಾನ ಮಾಡುತ್ತಾರಂತೆ.

"ಅವನು ಏನಂತಾನೆ?" ಎಂದು ತಡವರಿಸಿ ಕೇಳಿದೆ.

"ಏನೂ ಅನ್ನಲ್ಲ ಅತ್ತಿಗೆ. ಅಕ್ಕ ಬರೆದ ಮೇಲೆ ನಂದೇನಿದೆ ಅಂತಾರೆ."

ನವೆಂಬರ್ 5, ಭಾನುವಾರ

ತಮ್ಮನ ಊರಿನ ಉಣ್ಣೆ ತೂಗುವ ಶೆಡ್ಡಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ತಕ್ಕಡಿಯ ಪಕ್ಕ ಮೂಟೆಯೊಂದರ ಮೇಲೆ ತಮ್ಮ ಕುಳಿತಿದ್ದ. ಗಲ್ಲದ ಎಲುಬು ಎದ್ದು ಕಾಣುತ್ತಿತ್ತು. ನಾನು ಒಳಗೆ ಹೋದಾಗ ಎಲ್ಲರೂ ತಿರುಗಿ ನೋಡಿದರು, ಅವನೊಬ್ಬನನ್ನು ಬಿಟ್ಟು.

ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. "ಇವನು ಔಷಧಿ ಸರಿಯಾಗೇ ಕುಡಿಸಿದಾನೆ. ನಾನೇ ಲೆಕ್ಕ ನೋಡಿದೀನಿ. ಔಷಧಿ ಮರಿ ಹುಳುವಿಗೆ ನಾಟಲ್ಲ. ತಪ್ಪು ಇವನದಲ್ಲ," ಎಂದೆ.

ತೋಳು ಮಡಿಚಿ ನಿಂತಿದ್ದ ಒಬ್ಬ, "ಹಾಗಾದ್ರೆ ಪೇಪರಲ್ಲಿ ರೋಗ ಇಲ್ಲ ಅಂತ ಸುಳ್ಳು ಬರೆಸಿದ್ದು ಯಾರು?" ಎಂದ.

"ನಾನು."

"ಗೊತ್ತಿಲ್ದೇನಾ?"

"ಬರೆಯೋವಾಗ ಗೊತ್ತಿರಲಿಲ್ಲ. ಓದೋವಾಗ ಗೊತ್ತಿತ್ತು."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಗಂಟಲು ಸರಿಮಾಡಿಕೊಂಡಳು. ತನ್ನ ಮಂದೆಯಲ್ಲಿ ಒಂದೂ ಸತ್ತಿಲ್ಲ ಎಂದು ಇಲ್ಲಿಯವರೆಗೆ ಹೇಳಿಕೊಂಡು ಬಂದಿದ್ದಳಂತೆ. "ನಂದು ನಲವತ್ತು," ಎಂದಳು. "ಬಾವಿ ಹಿಂದೆ ಹೂತಿದೀನಿ." ತೋಳು ಮಡಿಚಿದ್ದವನು ತೋಳು ಇಳಿಬಿಟ್ಟು, "ನಂದು ಐವತ್ತೆರಡು," ಎಂದ. ಆಮೇಲೆ ಒಬ್ಬೊಬ್ಬರೇ.

ತಮ್ಮ ಎದ್ದು ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದ. ಹಿಂದೆಯೇ ಹೋದೆ.

"ಎಲ್ಲರ ಎದುರಿಗೆ ಹೇಳಬೇಕಾಯ್ತು ಕಣೋ..."

"ಎಲ್ಲರ ಎದುರಿಗೇ ನಗಿಸಿದ್ದೆಯಲ್ಲ ಅಕ್ಕಾ, ಅಲ್ಲಿಗೆ ಸರಿಹೋಯ್ತು," ಎಂದ. ಸರಿಹೋದವನಂತೆ ಕಾಣಲಿಲ್ಲ. ದೊಡ್ಡಿಯ ಕಡೆ ನಡೆದುಹೋದ.

ನವೆಂಬರ್ 6, ಸೋಮವಾರ

ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದು ಪತ್ರ ಬರೆದು ಕೊಟ್ಟೆ. ಒಂದೇ ಪುಟ. ಸಭೆಗೆ ಬಂದಿದ್ದ ಪ್ರತಿಯೊಬ್ಬರಿಗೂ ಒಂದು ಪ್ರತಿ ಹಾಕಿದೆ, ಪತ್ರಿಕೆಗೂ. ಲಕೋಟೆಗೆ ಅಂಟು ಹಚ್ಚಲು ಮೇಸ್ತ್ರಿ ಕೂತ. ರಕ್ತದ ಕೈ ತೊಳೆದು ಬಾ ಎಂದೆ. "ಅದೊಂದು ಗುರುತು ಇರ್ಲಿ ಬಿಡಿ ಮೇಡಂ, ಓದಿಯಾದ್ರೂ ನೋಡ್ತಾರೆ," ಎಂದ. ಆದರೂ ತೊಳೆದೇ ಬಂದ.

ನವೆಂಬರ್ 14, ಮಂಗಳವಾರ

ನಿರ್ದೇಶಕರು ಈ ಸಲ ಏಳಲಿಲ್ಲ. ಕೂರಲೂ ಹೇಳಲಿಲ್ಲ. ಇಲಾಖೆಯ ಮುಖಕ್ಕೆ ಮಸಿ ಬಳಿದಿರಿ ಎಂದರು. ಜನವರಿಯಿಂದ ನನಗೆ ಚರ್ಮದ ಗೋದಾಮಿನಲ್ಲಿ ಕೆಲಸ. ಚಾಕು ಬೇಕಾಗುವುದಿಲ್ಲ.

ಸಂಚಾರಿ ವೈದ್ಯರನ್ನು ಮತ್ತೆ ಹೊಳೆ ಸೀಮೆಗೆ ಕಳಿಸಿದ್ದಾರೆ. ಮರಿ ಹುಳುವಿಗೂ ನಾಟುವ ಔಷಧಿ ದಾಸ್ತಾನಿನಲ್ಲಿ ಸ್ವಲ್ಪವೇ ಇದೆ. ಹತ್ತರಲ್ಲಿ ಒಂದು ಮಂದೆಗೆ ಆದೀತು. ಒಂದು ತಿಂಗಳು ಮೊದಲೇ ಹೋಗಿದ್ದರೆ ಎಷ್ಟು ಉಳಿಯುತ್ತಿದ್ದವೋ. ಲೆಕ್ಕ ಹಾಕಲು ಹೋಗಿ ಪೆನ್ಸಿಲ್ ಇಟ್ಟುಬಿಟ್ಟೆ.

ಅಂದು ಬಾಗಿಲು ಹಿಡಿದು ನಿಂತಿದ್ದ ವೈದ್ಯ ಫೋನ್ ಮಾಡಿದ್ದ. ಭಾನುವಾರಗಳಲ್ಲಿ ಕೊಯ್ದು ನೋಡಲು ಒಬ್ಬರು ಬೇಕಂತೆ, ಬರುತ್ತೀರಾ ಎಂದ. ಬರುತ್ತೇನೆ ಎಂದೆ.

ನವೆಂಬರ್ 23, ಗುರುವಾರ

ತಮ್ಮನ ಫೋನು. ಸೆಪ್ಟೆಂಬರ್ ಆದಮೇಲೆ ಮೊದಲ ಸಲ.

"ಇಪ್ಪತ್ತೊಂಬತ್ತು ಉಳಿದಿವೆ. ಕೊಡ್ತಿದೀನಿ."

"ಯಾರಿಗೋ? ಔಷಧಿ ಬರೋವರೆಗೆ ತಡ್ಕೋ. ನಿನ್ನ ಸರದಿ..."

"ನನ್ನ ಸರದಿ ಬರೋದು ಫೆಬ್ರವರೀಲಿ. ಅಲ್ಲೀವರೆಗೆ ದಿನಾ ಬೆಳಿಗ್ಗೆ ದೊಡ್ಡಿ ಬಾಗಿಲು ತೆಗೆಯೋಕೆ ನನ್ನ ಕೈಲಿ ಆಗಲ್ಲ ಅಕ್ಕಾ. ಬೇರೆ ಮಂದೆಗೆ ಕೊಟ್ರೆ ಹುಳು ಅಲ್ಲಿಗೂ ಹೋಗತ್ತೆ. ನಿನ್ನ ಹತ್ರಾನೇ ತರ್ತೀನಿ. ಅವು ಇನ್ನೂ ನಡೀತವೆ."

ಅಪ್ಪನ ಮಂದೆ ಅದು. ಬೇಡ ಎನ್ನಲು ಬಾಯಿ ತೆರೆದೆ. ಆಗಲಿ ಎಂದೆ.

ಡಿಸೆಂಬರ್ 5, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಲಾರಿ ಬಂತು. ತಮ್ಮನೇ ಒಂದೊಂದನ್ನೂ ಹಿಡಿದು ಇಳಿಸಿದ. ಅವನು ಮುಂದೆ ನಡೆದ, ಅವು ಹಿಂದೆ ಬಂದವು. ಅಟ್ಟುವ ಅಗತ್ಯವೇ ಬೀಳಲಿಲ್ಲ. ಒಳಬಾಗಿಲಿನಲ್ಲಿ ಅವನು ಪಕ್ಕಕ್ಕೆ ಸರಿದು ನಿಂತ. ಒಂದು ಕುರಿ ಮಾತ್ರ ತಿರುಗಿ ಅವನ ಬಳಿಯೇ ನಿಂತಿತು. ಮೇಸ್ತ್ರಿ ಅದನ್ನು ಎಳೆಯಲಿಲ್ಲ. ಅದಾಗಿ ಹೋಗುವವರೆಗೆ ಇಡೀ ಸಾಲನ್ನು ನಿಲ್ಲಿಸಿಕೊಂಡು ಕಾದ.

ನನ್ನ ಬದಲಿಗೆ ಕಿರಿಯ ಪರೀಕ್ಷಕರನ್ನು ನಿಲ್ಲಿಸಬಹುದಿತ್ತು. ನಾನೇ ನಿಂತೆ. ಒಂದೊಂದನ್ನೂ ಮೂರು ಕಡೆ ಸೀಳಿದೆ. ಕೆಲವು ಗಾಯ ಮಾಯ್ದು ಹಗ್ಗದಂತೆ ಗಟ್ಟಿಯಾಗಿದ್ದವು, ಚಾಕು ಕರಕರ ಎನ್ನುತ್ತಿತ್ತು. ಇಂಥ ಯಕೃತ್ತು ಹೊತ್ತು ಇಷ್ಟು ದಿನ ಹೇಗೆ ಮೇಯ್ದುಕೊಂಡಿದ್ದವೋ. ಸಾಲಿನಲ್ಲಿ ಎಂದಿನ ಹಾಡು, ತಮಾಷೆ ಏನೂ ಇರಲಿಲ್ಲ. ನೀರಿನ ಸದ್ದು ಮಾತ್ರ.

ಮಧ್ಯಾಹ್ನ ಹೊರಗೆ ಬಂದಾಗ ಅವನು ಇಳಿಜಾರಿನ ಅಂಚಿನಲ್ಲಿ ಕುಳಿತಿದ್ದ. ಖಾಲಿ ಲಾರಿ ಹೊರಟುಹೋಗಿತ್ತು. ಮನೆಗೆ ಹೋಗಿರುತ್ತಾನೆ ಎಂದುಕೊಂಡಿದ್ದೆ. ಏಪ್ರನ್ ಬಿಚ್ಚಿ ಪಕ್ಕದಲ್ಲಿ ಕುಳಿತೆ.

"ಎಷ್ಟು ಕೆಟ್ಟಿದ್ವು?"

"ಇಪ್ಪತ್ತೊಂದು."

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಸತ್ತವನ್ನ ಯಾರು ಬರ್ಕೊಂಡ್ರು?"

ಎದ್ದು ಒಳಗೆ ಹೋಗಿ ಹೊಸ ದಾಖಲೆ ಪುಸ್ತಕವೊಂದನ್ನು ತಂದೆ. ಮೊದಲ ಪುಟದಲ್ಲಿ ಗೆರೆ ಎಳೆದೆ. ದಿನಾಂಕ, ವಯಸ್ಸು, ಲಕ್ಷಣ. ಪೆನ್ನು ಹಿಡಿದು ಕಾದೆ. ಅವನು ಬಹಳ ಹೊತ್ತು ಪುಸ್ತಕವನ್ನು ನೋಡಿದ. ಆಮೇಲೆ ಶುರುಮಾಡಿದ.

"ಸೆಪ್ಟೆಂಬರ್ ಎರಡು. ಕಪ್ಪು ಮೂತಿಯದು. ಐದು ವರ್ಷ. ಬೇಲಿ ಹತ್ರ ಬಿದ್ದಿತ್ತು. ಅವತ್ತು ಬೆಳಿಗ್ಗೆ ಮೇಯ್ದಿತ್ತು, ನಾನೇ ನೋಡಿದೀನಿ."

ಬರೆದೆ.

"ಅದೇ ದಿನ ಸಂಜೆ, ಅದರ ಮಗಳು. ಎರಡು ವರ್ಷ. ಮೊದಲ ಗಬ್ಬ. ಹುಳು ಹಿಡಿದ ಕುರಿಗೆ ಬರೋ ಹಾಗೆ ಗದ್ದದ ಕೆಳಗೆ ಊತ ಗೀತ ಏನೂ ಇರಲಿಲ್ಲ."

ಬರೆದೆ. ಒಂದಕ್ಕೂ ಅವನು ತಡವರಿಸಲಿಲ್ಲ. ಕುಂಟಿ, ಬೇಲಿ ಹಾರುವವಳು, ಅವಳಿ ಹೆತ್ತವಳು, ಅಪ್ಪ ಕೊನೆಯದಾಗಿ ಕೈಯಾರೆ ಹೆರಿಗೆ ಮಾಡಿಸಿದ ಮರಿ. ದಿನಾಂಕ ಹೇಳುತ್ತಿದ್ದ, ಬಿದ್ದ ಜಾಗ ಹೇಳುತ್ತಿದ್ದ, ಕೊನೆಗೆ ಕಣ್ಣು ಯಾವ ಕಡೆ ತಿರುಗಿತ್ತು ಎಂದು ಹೇಳುತ್ತಿದ್ದ. ಕಣ್ಣಿಗೆ ನನ್ನ ಪುಟದಲ್ಲಿ ಅಂಕಣವಿರಲಿಲ್ಲ. ಅಂಚಿನಲ್ಲಿ ಬರೆದೆ. ಮೇಸ್ತ್ರಿ ಎರಡು ಲೋಟ ಟೀ ತಂದಿಟ್ಟು ಹೋದ. ಆರಿಹೋಯಿತು. ಕೆಲಸಗಾರರು ಒಬ್ಬೊಬ್ಬರೇ ನಮ್ಮನ್ನು ದಾಟಿ ಮನೆಗೆ ಹೋದರು.

ಐವತ್ತೇಳನೆಯದು ಬರೆದಾದ ಮೇಲೆ ಅವನು ನಿಲ್ಲಿಸಿದ. ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಪೆನ್ನು ಹಿಡಿದ ಕೈಯನ್ನೇ ಅವನ ಬೆನ್ನ ಮೇಲಿಟ್ಟೆ. ಅವನು ಸರಿಯಲಿಲ್ಲ.

"ಇನ್ನೂ ಮೂವತ್ತೆರಡು ಇವೆ," ಎಂದ.

"ನಾಳೆ ನಾನೇ ಬರ್ತೀನಿ ಕಣೋ. ಅಲ್ಲೇ ಕೂತು ಬರೆಯೋಣ," ಎಂದೆ.